ಹಳೇ ಪೋಲೋ: ಮಾಮೂಲಿನಾ, ಜಿಟಿನಾ?

ತೀರ್ಥಹಳ್ಳಿ ರೋಡಲ್ಲಿ ಒಂದು ಜಿಟಿ ಟಿಎಸ್‌ಐ (ಫೋಕ್ಸ್‌ವ್ಯಾಗನ್ ಪೋಲೋ ಕಾರಿನದೇ ಟರ್ಬೊ ಇಂಜಿನ್ನಿನ ಜೋರು ಮಾದರಿ) ಸುಯ್ಯಂತ ಹಿಂದೆ ಹಾಕಿ ಹೋದ ಮೇಲೆ ಮಾಮೂಲಿ ಪೋಲೋ ಸಪ್ಪೆ ಅನ್ನಿಸುವುದು ಸಹಜ, ಆದರೆ ಅಡ್ವಾನ್ಸ್ ಕೊಡುವ ಮೊದಲು ಸ್ವಲ್ಪ ತಡೆಯಿರಿ. ಹಳೇ 1.2 ಲೀಟರ್ ಮಾಮೂಲಿ ಪೆಟ್ರೋಲ್ ಇಂಜಿನ್ನಿಗೆ 75 ಪಿಎಸ್ (ಹಾರ್ಸ್‌ಪವರ್ ಥರದ್ದೇ ಶಕ್ತಿಯ ಅಳತೆ). 2013ರಲ್ಲಿ ಬಂದ ಜಿಟಿಯ ಟರ್ಬೊಗೆ 105. ಟಾರ್ಕ್, ಅಂದರೆ ಎಳೆಯುವ ಬಲ, 110ರಿಂದ 175 ನ್ಯೂಟನ್ ಮೀಟರಿಗೆ ಏರುತ್ತದೆ, ಆಗುಂಬೆ ಘಾಟಿ ಹತ್ತುವಾಗ ಬೇಕಾಗುವುದು ಇದೇ ಅಲ್ವಾ?

ಆದರೆ ಆ ಜಿಟಿಯ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್‌ನದ್ದು. ಏರಿನಲ್ಲಿ ಲಾರಿ ಹಿಂದೆ ತೆವಳುತ್ತಾ ಹೋದರೆ ಕ್ಲಚ್ ಬಿಸಿಯಾಗುತ್ತದೆ, ಸವೆಯುತ್ತದೆ, ರಿಪೇರಿ ಜೇಬು ಸುಡುತ್ತದೆ. ಅದಕ್ಕೇ ಟೆಸ್ಟ್ ಡ್ರೈವ್ ಖಾಲಿ ರೋಡಲ್ಲಿ ಬೇಡ. ಏರಿನಲ್ಲಿ ನಿಲ್ಲಿಸಿ, ನಿಧಾನಕ್ಕೆ ಹೊರಡಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಗಾಡಿ ನಡುಗಿದರೆ ಕೈಮುಗಿದು ವಾಪಸ್ ಬನ್ನಿ. 2020ರಲ್ಲಿ ಬಂದ 1.0 ಟಿಎಸ್‌ಐ ಆಟೊಮ್ಯಾಟಿಕ್‌ನಲ್ಲಿ ಈ ಡಿಎಸ್‌ಜಿ ಇಲ್ಲ, ಬಜೆಟ್ ಹೊಂದಿದರೆ ನಾನು ಅದನ್ನೇ ಹುಡುಕುತ್ತೇನೆ.

ಶಿವಮೊಗ್ಗ ಪೇಟೆಯೊಳಗೇ ಓಡಿಸುವುದಾದರೆ ಸುಮ್ನೆ ಮಾಮೂಲಿ ತಗೊಳ್ಳಿ.

ಯಾವುದೇ ಆದರೂ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ, ನಮ್ಮ ಮಳೆಗೆ ಅಲ್ಲಿ ನೀರು ನಿಂತು ತುಕ್ಕು ಹಿಡಿದಿರಬಹುದು. ಬಾನೆಟ್ ಒಳಗೆ ಅಡಿಕೆ ಸಿಪ್ಪೆಯ ಚೂರು ಸಿಕ್ಕರೆ ಇಲಿ ವಾಸ ಮಾಡಿದೆ ಅಂತಲೇ ಲೆಕ್ಕ, ವೈರ್ ಒಂದೊಂದೂ ಎಳೆದು ನೋಡಿ.