ಫೋಟೋ ಡಿವಿಡಿಗೆ ಹಾಡು ಹಾಕುವ ಮುಂಚೆ ಇದೊಂದು ನೋಡಿಕೊಳ್ಳಿ
ಮದುವೆ, ಷಷ್ಟಿಪೂರ್ತಿ ಫೋಟೋಗಳನ್ನು ಸೇರಿಸಿ ಮನೆಯಲ್ಲೇ ಡಿವಿಡಿ ಮಾಡುವವರಿಗೆ ಒಂದು ಮಾತು. ಹಾಡಿನ ಫೈಲನ್ನು ಸುಮ್ನೆ ಹಾಗೇ ಎಳೆದು ಹಾಕಬೇಡಿ. ಸಿಡಿಯಿಂದ ತೆಗೆದ ಎಂಪಿ3 ಸಾಮಾನ್ಯವಾಗಿ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ದಾಖಲಿಸಿದೆ ಎನ್ನುವ ಲೆಕ್ಕ) ಇರುತ್ತದೆ, ಆದರೆ ಡಿವಿಡಿ ವಿಡಿಯೋಗೆ ಬೇಕಾಗಿರುವುದು 48. ಕೆಲವು ಸಾಫ್ಟ್‌ವೇರ್ ತಾನೇ ಬದಲಾಯಿಸಿಕೊಳ್ಳುತ್ತದೆ, ಕೆಲವು ತಕರಾರು ಮಾಡುತ್ತದೆ. ಮೊದಲೇ ನಾವೇ ಬದಲಾಯಿಸಿಟ್ಟರೆ ಚಿಂತೆಯಿಲ್ಲ ಅಲ್ವಾ?

ಇದಕ್ಕೆ ಆಡಾಸಿಟಿ ಎನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ಉಚಿತ. ಹಾಡು ತೆರೆದು, ಪ್ರಾಜೆಕ್ಟ್ ರೇಟ್ 48000 ಮಾಡಿ, 16 ಬಿಟ್ ಸ್ಟೀರಿಯೋ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ವಿಂಡೋಸ್‌ನಲ್ಲಿ ಎಂ4ಎ ಫೈಲ್ (ಫೋನ್ ರೆಕಾರ್ಡಿಂಗ್ ಹಲವು ಸಲ ಈ ಬಗೆಯದು) ತೆರೆಯದಿದ್ದರೆ, ಅಂಥ ಫೈಲ್ ಓದಲು ಆಡಾಸಿಟಿಗೆ ನೆರವಾಗುವ ಎಫ್‌ಎಫ್‌ಎಂಪೆಗ್ ಲೈಬ್ರರಿ ಹಾಕಿಕೊಳ್ಳಿ, ಅಜ್ಜಿ ಫೋನಿನಲ್ಲಿ ಹಾಡಿದ ಸೋಬಾನೆ ಪದ ಸೇರಿಸಬೇಕು ಅನ್ನುವವರಿಗೆ ಇದು ಬೇಕಾಗಬಹುದು, ಅಂಥ ದನಿಯನ್ನು ದಯವಿಟ್ಟು ಬಿಡಬೇಡಿ, ಸಿನಿಮಾ ಹಾಡಿಗಿಂತ ಅದೇ ಚೆಂದ.

ಕೊನೆಯಲ್ಲಿ ಡಿವಿಡಿ ಮಾಡುವಾಗ ಆಡಿಯೋಗೆ ಎಸಿ3 (ದನಿಯನ್ನು ಕುಗ್ಗಿಸಿ ಇಡುವ ಡಾಲ್ಬಿ ಫಾರ್ಮ್ಯಾಟ್) ಆರಿಸಿ. ಹೀಗೇ ವೇವ್ ಬಿಟ್ಟರೂ ಓಡುತ್ತದೆ, ಆದರೆ ಒಂದು ಗಂಟೆಗೆ ಸುಮಾರು 690 ಎಂಬಿ ತಿನ್ನುತ್ತದೆ. 192 ಕೆಬಿಪಿಎಸ್ ಎಸಿ3 ಆದರೆ 86 ಎಂಬಿ ಅಷ್ಟೇ. ಉಳಿದ ಜಾಗ ಫೋಟೋಗಳಿಗೆ ಸಿಗುತ್ತದೆ. ಟಿವಿ ಫಾರ್ಮ್ಯಾಟ್ ಯಾವುದು ಅಂತ ಕೇಳಿದರೆ ಪಾಲ್ (PAL) ಒತ್ತಿ, ನಮ್ಮ ಕಡೆಯ ಟಿವಿಗಳಿಗೆ ಅದೇ.

ಹಾಡು ಮುಗಿದರೂ ಫೋಟೋ ಓಡುತ್ತಿದ್ದರೆ ಬೇಜಾರು. 4 ನಿಮಿಷದ ಹಾಡಿಗೆ 40 ಫೋಟೋ ಇಟ್ಟು ತಲಾ 6 ಸೆಕೆಂಡ್ ಕೊಡಿ, ಸರಿಹೋಗುತ್ತದೆ. ಹಾಡುಗಳ ದನಿ ಹೆಚ್ಚುಕಡಿಮೆ ಇದ್ದರೆ ಎಕ್ಸ್‌ಪೋರ್ಟ್‌ಗೆ ಮುಂಚೆ ಲೌಡ್‌ನೆಸ್ ನಾರ್ಮಲೈಸೇಶನ್ ಹಾಕಿ. ಮೊದಲು ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕಿಗೆ ಬರೆದು, ಟಿವಿ ಪ್ಲೇಯರ್‌ನಲ್ಲೇ ಹಾಕಿ ಕೇಳಿ.