ತುಲಾ ಸಂಕ್ರಮಣಕ್ಕೆ ಬಿತ್ತಿ, ಹೂಮಳೆಗೆ ಮೊದಲೇ ಕೊಯ್ಯಿರಿ: ಬಕೆಟ್‌ನಲ್ಲಿ ಕುಳ್ಳ ಟೊಮೆಟೊ

ಕೊಡಗಿನ ಮಳೆಗೆ ಟೊಮೆಟೊ ಆಗಲ್ಲ ಅಂತ ಹೇಳುವವರೇ ಜಾಸ್ತಿ. ನಾನೂ ಹಾಗೇ ನಂಬಿದ್ದೆ. ಮೊದಲ ಸಲ ಮೇ ಕೊನೆಗೆ ಸಸಿ ನೆಟ್ಟೆ. ಜುಲೈಯಲ್ಲಿ ಎಲೆ ಮೇಲೆ ಕಂದು ಮಚ್ಚೆ ಬಂತು. ವಾರದೊಳಗೆ ಕಾಂಡವೂ ಕಪ್ಪಾಗಿ ಗಿಡಗಳೆಲ್ಲ ಕುಸಿದವು. ಅದು ಅಂಗಮಾರಿ ರೋಗ. ತಂಪು ಹವೆ ಮತ್ತು ಸದಾ ಒದ್ದೆಯಾಗಿರುವ ಎಲೆ ಸಿಕ್ಕಿದರೆ ಅದು ಬಿಡುವುದಿಲ್ಲ. ನಾನು ನೆಟ್ಟ ತಿಂಗಳೇ ತಪ್ಪಾಗಿತ್ತು.

ನಮಗೆ ಸಿಗುವ ಒಣ ಕಾಲ ಸಣ್ಣದು. ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣದಿಂದ ಹೂಮಳೆವರೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆವರೆಗೆ, ಹೆಚ್ಚೆಂದರೆ ನಾಲ್ಕೈದು ತಿಂಗಳು. ಅಷ್ಟರಲ್ಲಿ ಹಣ್ಣು ಕೈಗೆ ಬರಬೇಕಾದರೆ ಬೇಗ ಕಾಯಿ ಬಿಡುವ ಕುಳ್ಳ ತಳಿಯೇ ಬೇಕು.

ಯಾವ ತಳಿ?

ಟೊಮೆಟೊದಲ್ಲಿ ಎರಡು ಜಾತಿ. ಒಂದು ಬಳ್ಳಿಯ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಇನ್ನೊಂದು ಸ್ವಲ್ಪ ಎತ್ತರಕ್ಕೆ ಬಂದು, ತುದಿಯಲ್ಲಿ ಹೂ ಬಿಟ್ಟು ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಪೂಸಾ ಅರ್ಲಿ ಡ್ವಾರ್ಫ್ ಇಂಥದ್ದೇ. ಕಿಟಕಿ ಪಕ್ಕದ ಸಣ್ಣ ಕುಂಡಕ್ಕಾದರೆ ಟೈನಿ ಟಿಮ್ ಅಥವಾ ಮೈಕ್ರೋ ಟಾಮ್ ಬೀಜ ಹುಡುಕಿ. ಟೈನಿ ಟಿಮ್ 1945ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಿಂದ ಬಂದ ತಳಿ, ಒಂದೂವರೆ ಅಡಿ ದಾಟುವುದು ಅಪರೂಪ. ಮೈಕ್ರೋ ಟಾಮ್ ಇನ್ನೂ ಚಿಕ್ಕದು, ಒಂದು ಗೇಣು ಅಷ್ಟೆ. ಅರ್ಕಾ ರಕ್ಷಕ್ ರೋಗ ತಡೆಯುವ ಒಳ್ಳೆಯ ತಳಿಯೇ, ಆದರೆ ಬಕೆಟ್‌ಗೆ ಅದು ದೊಡ್ಡದಾಗುತ್ತದೆ.

ಮಣ್ಣು

ಇಲ್ಲಿ ಅವಸರ ಬೇಡ. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು. ತೋಟಕ್ಕೆ ಸುಣ್ಣ ಹಾಕುತ್ತೇವೆ, ಅಲ್ವಾ? ಬಕೆಟ್‌ಗೂ ಅದು ಬೇಕು. ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ. ಹತ್ತು ಲೀಟರ್ ಬಕೆಟ್‌ಗೆ ಅರ್ಧ ಹಿಡಿ ಕೃಷಿ ಸುಣ್ಣ ಸಾಕು. ಕಲಸಿದ್ದನ್ನು ಎರಡು ವಾರ ಹಾಗೇ ಬಿಡಿ. ಕಾಫಿ ಸಿಪ್ಪೆ ಮನೆಯಲ್ಲೇ ಇದೆ ಅಂತ ಹಸಿಯಾಗಿ ಸುರಿಯಬೇಡಿ. ಅದು ಪೂರ್ತಿ ಕೊಳೆತು, ಕಪ್ಪಾಗಿ, ಮಣ್ಣಿನ ವಾಸನೆ ಬಂದ ಮೇಲೆ ಮಾತ್ರ ಹಾಕಿ. ಮೆಣಸಿನಕಾಯಿ ಗಿಡವೋ ಬದನೆಯೋ ಇದ್ದಕ್ಕಿದ್ದಂತೆ ಬಾಡಿ ಸತ್ತ ಜಾಗದ ಮಣ್ಣನ್ನು ಮುಟ್ಟಲೇಬೇಡಿ. ಆ ಬಾಡುವ ರೋಗ ಟೊಮೆಟೊಗೂ ಬರುತ್ತದೆ.

ಬಕೆಟ್‌ನ ತಳಕ್ಕೆ ಐದಾರು ತೂತು ಮಾಡಿ, ಎರಡು ಇಟ್ಟಿಗೆ ಮೇಲೆ ಇಡಿ.

ಬಿತ್ತನೆ, ನಾಟಿ

ಬೀಜವನ್ನು ಟ್ರೇಯಲ್ಲಿ ಕಾಲಿಂಚು ಆಳಕ್ಕೆ ಹಾಕಿ, ಸೂರಿನ ಕೆಳಗೆ ಬೆಳಕಿರುವಲ್ಲಿ ಇಡಿ. ಸುಮಾರು ಒಂದು ವಾರಕ್ಕೆ ಮೊಳಕೆ ಬರುತ್ತದೆ. ತಿಂಗಳ ಹೊತ್ತಿಗೆ ನಾಲ್ಕೈದು ಎಲೆ ಬಂದಿರುತ್ತದೆ. ಆಗ ಬಕೆಟ್‌ಗೆ ಒಂದೇ ಸಸಿ ನೆಡಿ. ಕೆಳಗಿನ ಎಲೆ ಕಿತ್ತು, ಅರ್ಧ ಕಾಂಡ ಮಣ್ಣಿನೊಳಗೆ ಹೋಗುವಷ್ಟು ಆಳ ಇರಲಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ, ಗಿಡ ಗಟ್ಟಿಯಾಗುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಿಗೆ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಸಸಿ ಬಕೆಟ್‌ನಲ್ಲಿ ಬೇರು ಬಿಟ್ಟಿರಬೇಕು. ಅಲ್ಲಿಂದ ಎರಡು ತಿಂಗಳಿಗೆ ಮೊದಲ ಹಣ್ಣು. ಚಳಿ ಜಾಸ್ತಿಯಾದರೆ ಇನ್ನೂ ಒಂದೆರಡು ವಾರ ಕಾಯಬೇಕು.

ನೆಲದಲ್ಲೇ ಹಾಕುವವರು ಏರುಮಡಿ ಮಾಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ.

ಬಿಸಿಲು ಎಲ್ಲಿ?

ತೋಟದ ಮನೆಗಳಲ್ಲಿ ಇದೇ ಕಷ್ಟ. ಸುತ್ತ ಸಿಲ್ವರ್ ಓಕ್, ಹಲಸು. ಟೊಮೆಟೊಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಕಾಫಿ ಒಣಗಿಸುವ ಕಣದ ಅಂಚಿಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಆ ತಿಂಗಳುಗಳಲ್ಲಿ ಹೇಗೂ ದಿನಾ ಕಣದ ಕಡೆ ಹೋಗುತ್ತೇವೆ, ಗಿಡದ ಮೇಲೂ ಕಣ್ಣಿರುತ್ತದೆ. ನವೆಂಬರ್‌ನಲ್ಲಿ ಅಕಾಲ ಮಳೆ ಬಂದರೆ ಕಾಫಿಗೆ ಟಾರ್ಪಾಲು ಹೊದಿಸುವಾಗಲೇ ಬಕೆಟ್‌ಗಳನ್ನೂ ಸೂರಿನ ಒಳಗೆ ಎಳೆದಿಡಿ.

ಡಿಸೆಂಬರ್ ರಾತ್ರಿ ಚಳಿ 13 ಡಿಗ್ರಿಗಿಂತ ಕೆಳಗಿಳಿದರೆ ಹೂ ಕಾಯಿಕಟ್ಟದೆ ಉದುರುತ್ತದೆ. ಸಂಜೆ ಬಕೆಟ್‌ಗಳನ್ನು ಹಗಲೆಲ್ಲ ಬಿಸಿಲು ಕಾದ ಗೋಡೆಗೆ ಒತ್ತಿ ಇಡಿ. ಗೋಡೆಯ ಕಾವು ಗಿಡಕ್ಕೆ ಸಿಗುತ್ತದೆ. ಬೆಳಿಗ್ಗೆ ಮಂಜು ಸರಿದು ಹೂ ಒಣಗಿದ ಮೇಲೆ ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿ. ಹೂವಿನೊಳಗಿನ ಪರಾಗ ಅಲ್ಲೇ ಉದುರಿ ಕಾಯಿ ಕಟ್ಟುತ್ತದೆ.

ನೀರು, ಗೊಬ್ಬರ

ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು. ಎಲೆ ಒದ್ದೆಯಾಗಬಾರದು. ಮೂರು ದಿನ ಒಣಗಿಸಿ ನಾಲ್ಕನೇ ದಿನ ಬಕೆಟ್ ತುಂಬಿಸಿದರೆ ಕಾಯಿಯ ತಳ ಕಪ್ಪಾಗುತ್ತದೆ. ಅದು ಹುಳದ ಕಾಟವಲ್ಲ, ನೀರು ಹೆಚ್ಚುಕಡಿಮೆಯಾಗಿ ಕಾಯಿಗೆ ಸುಣ್ಣದಂಶ ತಲುಪದೆ ಆಗುವುದು. ಹೂ ಶುರುವಾದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಕೊಡಿ. ಕುಳ್ಳ ತಳಿಯಲ್ಲಿ ಕಂಕುಳ ಚಿಗುರು, ಅಂದರೆ ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವ ಚಿಗುರು, ಚಿವುಟಬೇಡಿ. ಕಾಯಿ ಬರುವುದೇ ಆ ಚಿಗುರಿನಲ್ಲಿ. ಮಣ್ಣಿಗೆ ತಾಗುವ ಎಲೆ ಮಾತ್ರ ತೆಗೆಯಿರಿ. ಒಂದು ಸಣ್ಣ ಕೋಲು ಊರಿ ಕಟ್ಟಿದರೆ ಕಾಯಿ ಭಾರಕ್ಕೆ ಗಿಡ ವಾಲುವುದಿಲ್ಲ.

ಕೊಯ್ಲು

ಕೋತಿಗಳು ನಮಗಿಂತ ಮೊದಲು ನೋಡುತ್ತವೆ. ಕಾಯಿಯ ತುದಿ ನಸುಗೆಂಪಾದ ಕೂಡಲೇ ಕೊಯ್ದು ಮನೆಯೊಳಗೆ ಬುಟ್ಟಿಯಲ್ಲಿಡಿ. ನಾಲ್ಕೈದು ದಿನಕ್ಕೆ ಚೆನ್ನಾಗಿ ಹಣ್ಣಾಗುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ, ರುಚಿ ಸಪ್ಪೆಯಾಗುತ್ತದೆ.

ಕುಳ್ಳ ಗಿಡ ಒಂದೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲ ಹಣ್ಣು ಕೊಟ್ಟು ಸುಸ್ತಾಗುತ್ತದೆ. ಆಗ ಬೇರು ಸಮೇತ ಕಿತ್ತುಬಿಡಿ. ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬೇಡಿ. ಒಂದು ಹಿಡಿ ಗೊಬ್ಬರ ಸೇರಿಸಿ ಬೀನ್ಸ್ ಬಿತ್ತಿ. ಹೂಮಳೆಗೆ ಅದು ಚೆನ್ನಾಗಿ ಎದ್ದು ಬರುತ್ತದೆ.