ಷೆವೆಲ್‌ಗೆ ಯಾವ ಇಂಜಿನ್? 454 ಬಿಟ್ಟು, ಎಲ್‌ಎಸ್ ಬಿಟ್ಟು, ಹಳೇ ಟ್ರಕ್ಕಿನ 350 ಹಾಕಿದ ನನ್ನ ಅನುಭವ

ಮಸಲ್ ಕಾರ್ (ಜೋರು ಇಂಜಿನ್ನಿನ ಹಳೇ ಅಮೆರಿಕನ್ ಕಾರು) ಕಟ್ತಿದೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಎಷ್ಟು ಹಾರ್ಸ್‌ಪವರ್? ಗೇರ್‌ಬಾಕ್ಸ್ ಯಾವ್ದು, ಹಿಂದಿನ ಆಕ್ಸಲ್ ರೇಶಿಯೋ ಎಷ್ಟು, ಬ್ರೇಕು ಡ್ರಮ್ಮೋ ಡಿಸ್ಕೋ ಅಂತ ಕೇಳೋರು ತುಂಬಾ ಕಮ್ಮಿ. ಆದ್ರೆ ಇಂಜಿನ್ ಆರಿಸೋಕೆ ಮುಂಚೆ ಉತ್ತರ ಗೊತ್ತಿರ್ಬೇಕಾಗಿರೋದೇ ಅವಕ್ಕೆ. ನನ್ನ ಗಾಡಿ 1972ರ ಷೆವ್ರೊಲೆ ಷೆವೆಲ್ ಮ್ಯಾಲಿಬು, ಎರಡು ಬಾಗಿಲಿಂದು. ಮೇಲೆ ಬರೆದಿರೋ 454, 350 ಅನ್ನೋದು ಇಂಜಿನ್ ಗಾತ್ರ, ಕ್ಯೂಬಿಕ್ ಇಂಚಲ್ಲಿ, ಎಲ್‌ಎಸ್ ಅನ್ನೋದು ಅದೇ ಕಂಪನಿಯ ಹೊಸ ಪೀಳಿಗೆಯ ವಿ8 (ಎಂಟು ಸಿಲಿಂಡರ್) ಇಂಜಿನ್. ನಾನಿರೋದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ, ಇಲ್ಲಿ ಸಲಹೆ ಪುಕ್ಕಟೆ ಸಿಗುತ್ತೆ, ಇಂಜಿನ್ ಪ್ಲಾಂಟಿಂದ ರಿಟೈರ್ ಆದ ತಾತಂದಿರು ಬೀದಿಗೊಬ್ರು ಇರ್ತಾರೆ, ಒಬ್ರು ಹೇಳಿದ್ದನ್ನ ಇನ್ನೊಬ್ರು ಒಪ್ಪಲ್ಲ ಅಷ್ಟೇ.

ಮೊದ್ಲು ನೋಡ್ಬೇಕಾಗಿರೋದು ಫ್ಯಾಕ್ಟರಿಯಿಂದ ಬರುವಾಗ ಗಾಡೀಲಿ ಏನಿತ್ತು ಅಂತ. 1972ರ ಷೆವಿ (ಷೆವ್ರೊಲೆ) ಗಾಡೀಲಿ ವಿನ್ ನಂಬರ್‌ನ, ಅಂದ್ರೆ ಗಾಡಿ ಗುರುತಿನ ನಂಬರ್‌ನ, ಐದನೇ ಅಕ್ಷರ ಇಂಜಿನ್ ಯಾವ್ದು ಅಂತ ಹೇಳುತ್ತೆ, ಡಬ್ಲ್ಯು ಇದ್ರೆ 454, ಯು ಇದ್ರೆ 402, ಎಫ್ ಇದ್ರೆ 307. ಎಸ್‌ಎಸ್ (ಸೂಪರ್ ಸ್ಪೋರ್ಟ್) ಬ್ಯಾಡ್ಜ್ ನೋಡಿ ಮೋಸ ಹೋಗ್ಬೇಡಿ, ಆ ವರ್ಷ ಎಸ್‌ಎಸ್ ಪ್ಯಾಕೇಜನ್ನ ಯಾವ ವಿ8 ಜೊತೆಗಾದ್ರೂ ಕೊಡ್ತಿದ್ರು, ಹಾಗಾಗಿ ಬ್ಯಾಡ್ಜ್ ಅಸಲಿ ಆಗಿದ್ರೂ ಒಳಗೆ ಪಾಪದ 307 ಇರಬಹುದು. ನಿಮ್ದು ಡಬ್ಲ್ಯು ಆಗಿದ್ದು, ಬ್ಲಾಕ್ ಮೇಲೆ ಹೊಡೆದಿರೋ ನಂಬರ್ರೂ ಗಾಡಿ ನಂಬರ್ರೂ ತಾಳೆ ಆದ್ರೆ ದಯವಿಟ್ಟು ಆ ಇಂಜಿನ್ ಎತ್ಬೇಡಿ, ಗಾಡಿ ಬೆಲೆ ಇರೋದೇ ಅಲ್ಲಿ. ನಂದು ಎಫ್. ಎರಡು ಬ್ಯಾರಲ್ ಕಾರ್ಬ್ಯುರೇಟರ್ ಇರೋ 307, ಹಿಂದೆ ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್. ಅದನ್ನ ಕಿತ್ತು ಏನು ಹಾಕಿದ್ರೂ ಇತಿಹಾಸಕ್ಕೆ ದ್ರೋಹ ಮಾಡ್ದಂಗಾಗಲ್ಲ.

ಇನ್ನೊಂದು, ಹಳೇ ಬ್ರೋಶರ್‌ನಲ್ಲಿರೋ ನಂಬರ್ ನೋಡಿ ಆಸೆ ಪಡ್ಬೇಡಿ. 1971ರವರೆಗೂ ಅವರು ಹೇಳ್ತಿದ್ದಿದ್ದು ಗ್ರಾಸ್ ಹಾರ್ಸ್‌ಪವರ್, ಅಂದ್ರೆ ಇಂಜಿನ್ನನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಏರ್ ಕ್ಲೀನರ್ ತೆಗೆದು, ಗಾಡಿ ಸೈಲೆನ್ಸರ್ ಬಿಚ್ಚಿ, ಆಲ್ಟರ್ನೇಟರ್ ಭಾರ ಇಲ್ದೆ ಅಳೆದಿದ್ದು. 1972ರಿಂದ ನೆಟ್, ಗಾಡೀಲಿ ಹೇಗಿರುತ್ತೋ ಹಾಗೆ. 1971ರಲ್ಲಿ ಇದೇ 307ಗೆ ಗ್ರಾಸ್ 200, ನೆಟ್ 140 ಅಂತ ಎರಡೂ ಕೊಟ್ಟಿದ್ರು, 1972ಕ್ಕೆ ಅದು 130. ದೊಡ್ಡ 454 ಎಲ್‌ಎಸ್5 (ಇದು 454ರದೇ ಒಂದು ಕೋಡ್, ಹೊಸ ಎಲ್‌ಎಸ್ ಇಂಜಿನ್ ಅಲ್ಲ) ಕೂಡ 365 ಗ್ರಾಸ್ ಇದ್ದಿದ್ದು ನೆಟ್ ಲೆಕ್ಕದಲ್ಲಿ 285. ಹಂಗಾಗಿ 1996ರ ಟ್ರಕ್ ಇಂಜಿನ್ನಿನ ನೆಟ್ 255ನ್ನ ಅವತ್ತಿನ ಗ್ರಾಸ್ 300ರ ಪಕ್ಕ ಇಟ್ಟು ಮೂಗು ಮುರಿಯೋರಿಗೆ ಲೆಕ್ಕ ಗೊತ್ತಿಲ್ಲ ಅಂತ ಅರ್ಥ.

454 ಹಾಕು ಅಂತ ತಲೆ ತಿಂದೋರೇ ಜಾಸ್ತಿ. 1970ರ ಎಲ್‌ಎಸ್6 ಷೆವೆಲ್‌ನ 450 ಹಾರ್ಸ್‌ಪವರ್ ಕಥೆ ಕೇಳಿ ಬೆಳೆದೋರು, ಅವರ ತಪ್ಪಿಲ್ಲ. ಬಿಗ್ ಬ್ಲಾಕ್ (402, 454 ತರದ ದೊಡ್ಡ ಸೈಜಿನ ಇಂಜಿನ್) ಸದ್ದೇ ಬೇರೆ, ಒಪ್ತೀನಿ. ಆದ್ರೆ ಸ್ಮಾಲ್ ಬ್ಲಾಕ್‌ಗಿಂತ (307, 350 ತರದ್ದು) ನೂರು ಪೌಂಡ್ ಮೇಲೆ ಭಾರ, ಅಷ್ಟೂ ಮುಂದಿನ ಚಕ್ರದ ಮೇಲೆ, ಸ್ಪ್ರಿಂಗ್ ಬದಲಾಯಿಸ್ಬೇಕು, ರೇಡಿಯೇಟರ್ ದೊಡ್ಡದು ಬೇಕು, ನನ್ನ ಹತ್ರ ಇರೋ ಟೆನ್ ಬೋಲ್ಟ್ (ಹತ್ತು ಬೋಲ್ಟಿನ) ಹಿಂದಿನ ಆಕ್ಸಲ್ ಅಷ್ಟು ಟಾರ್ಕ್ ತಡ್ಕೊಳ್ಳುತ್ತೆ ಅನ್ನೋ ನಂಬಿಕೆ ನನಗಿಲ್ಲ, ಆಮೇಲೆ ಇಂಜಿನ್ ಪಾರ್ಟ್ಸ್ ರೇಟು. ನಾನು ಡ್ರ್ಯಾಗ್ ರೇಸ್ ಮಾಡೋನಲ್ಲ. ಭಾನುವಾರ ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ಹೋಗ್ಬೇಕು, ಹೈವೇಲಿ ಎಪ್ಪತ್ತು ಮೈಲಿ ಸ್ಪೀಡಲ್ಲಿ ಕಿವಿ ನೋವಿಲ್ದೆ ಓಡ್ಬೇಕು, ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಲ್ಲಿ (ಹಳೇ ಕಾರುಗಳ ಮೆರವಣಿಗೆ) ಬಿಸಿಲಿಗೆ ಗಂಟೆಗಟ್ಲೆ ತೆವಳ್ಕೊಂಡು ಹೋದ್ರೂ ಕುದೀಬಾರ್ದು. ಇಷ್ಟೇ ನನ್ನ ಪಟ್ಟಿ.

ಎಲ್‌ಎಸ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದನ್ನ ಬೇಡ ಅನ್ನೋಕೆ ನನಗೇ ಕಷ್ಟ ಆಯ್ತು. 1999ರಿಂದ ಸಿಲ್ವರಾಡೊ ಟ್ರಕ್ಕಲ್ಲಿ ಬಂದ 5.3 ಲೀಟರ್ ಐರನ್ ಬ್ಲಾಕ್ ಇಂಜಿನ್ ಗುಜರಿ ಯಾರ್ಡಲ್ಲಿ ರಾಶಿ ಬಿದ್ದಿರುತ್ತೆ, ಕ್ರ್ಯಾಂಕ್ ಹಿಡಿದಿಡೋ ಮೇನ್ ಕ್ಯಾಪ್ ಒಂದೊಂದಕ್ಕೂ ಆರು ಬೋಲ್ಟು, ಅಂದ್ರೆ ಗಟ್ಟಿಮುಟ್ಟು, ಹೆಡ್ ಉಸಿರಾಟ ಅದ್ಭುತ, ಬೆಳಗ್ಗೆ ಮೈನಸ್ ಡಿಗ್ರಿ ಚಳೀಲೂ ಕೀ ತಿರುಗಿಸಿದ್ರೆ ಸ್ಟಾರ್ಟು. ಆದ್ರೆ ಇಂಜಿನ್ ರೇಟ್ ನೋಡಿ ಖುಷಿ ಪಟ್ಟೋರೆಲ್ಲ ಅದರ ಸುತ್ತ ಇರೋದನ್ನ ಲೆಕ್ಕ ಹಾಕಿರಲ್ಲ. ಟ್ರಕ್ ಆಯಿಲ್ ಪ್ಯಾನ್ ಆಳ ಜಾಸ್ತಿ, ಷೆವೆಲ್ ಕ್ರಾಸ್‌ಮೆಂಬರ್‌ಗೆ (ಫ್ರೇಮಿನ ಅಡ್ಡ ತೊಲೆ) ಬಡಿಯುತ್ತೆ, ಬೇರೆ ಪ್ಯಾನ್ ಬೇಕು. ಮೌಂಟಿಗೆ ಅಡಾಪ್ಟರ್ ಪ್ಲೇಟ್ ಬೇಕು. ಇಂಜೆಕ್ಷನ್‌ಗೆ 58 ಪಿಎಸ್ಐ ಪ್ರೆಶರ್ ಬೇಕು, ನನ್ನ 1972ರ ಟ್ಯಾಂಕು ಪೈಪು ನೋಡಿರೋದು ಅದರ ಹತ್ತರಲ್ಲೊಂದು ಭಾಗ, ಅಂದ್ರೆ ಟ್ಯಾಂಕಲ್ಲಿ ಹೊಸ ಪಂಪು, ಹೊಸ ಲೈನು. ವೈರಿಂಗ್ ಹಾರ್ನೆಸ್, ಕಂಪ್ಯೂಟರ್ ಪ್ರೋಗ್ರಾಮಿಂಗ್, ಡ್ರೈವ್ ಬೈ ವೈರ್ (ಕೇಬಲ್ ಬದಲು ಎಲೆಕ್ಟ್ರಾನಿಕ್ ಆಕ್ಸಿಲರೇಟರ್) ಆದ್ರೆ ಪೆಡಲ್ಲೂ ಸೇರಿ. ಎಸಿ ಕಂಪ್ರೆಸರ್ ಬ್ರ್ಯಾಕೆಟ್ ಫ್ರೇಮ್‌ಗೆ ತಾಗುತ್ತೆ. ಊರಲ್ಲಿ ಅಂಬಾಸಿಡರ್‌ಗೆ ಮ್ಯಾಟಡೋರ್ ಡೀಸೆಲ್ ಇಂಜಿನ್ ಕೂರಿಸ್ತಿದ್ದ ಕಾಲ ನೆನಪಿರೋರಿಗೆ ಗೊತ್ತು, ಇಂಜಿನ್ ತರೋದು ಅರ್ಧ ದಿನದ ಕೆಲಸ, ಕೂರಿಸೋದು ಬೇರೆಯದೇ ಸಾಹಸ. ಅದೂ ಅಲ್ದೆ 2005ರಿಂದೀಚೆಗೆ ಬಂದ ಕೆಲವು 5.3ರಲ್ಲಿ ನಾಲ್ಕು ಸಿಲಿಂಡರ್ ಆಫ್ ಮಾಡೋ ಸಿಸ್ಟಂ ಇದೆ, ಅದರ ಲಿಫ್ಟರ್ (ವಾಲ್ವ್ ಎತ್ತೋ ಪಾರ್ಟು) ಕೈ ಕೊಡೋದು ಎಲ್ರಿಗೂ ಗೊತ್ತಿರೋ ಕಾಯಿಲೆ. ದಿನಾ ಆಫೀಸಿಗೆ ಓಡಿಸೋ ಗಾಡಿ ಆಗಿದ್ರೆ, ಅಥವಾ ಮುಂದೆ ಟರ್ಬೋ ಹಾಕೋ ಪ್ಲಾನ್ ಇದ್ರೆ ಎಲ್‌ಎಸ್ ಬಿಟ್ಟು ಬೇರೆ ಯೋಚನೆನೇ ಮಾಡ್ತಿರ್ಲಿಲ್ಲ. ನಂದು ಎರಡೂ ಅಲ್ಲ.

ಉಳಿದಿದ್ದು ಹಳೇ ಸ್ಮಾಲ್ ಬ್ಲಾಕ್. 1955ರಲ್ಲಿ 265 ಕ್ಯೂಬಿಕ್ ಇಂಚಲ್ಲಿ ಶುರುವಾದ ಇಂಜಿನ್ನು, ಅದರ 350 ರೂಪ ಬಂದಿದ್ದು 1967ರ ಕ್ಯಾಮರೋ ಜೊತೆ. 383 ಸ್ಟ್ರೋಕರ್ ಮಾಡಿಸು ಅಂದ್ರು, ಅಂದ್ರೆ 350 ಬ್ಲಾಕಿನ ಸಿಲಿಂಡರನ್ನ 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಅಗಲ ಮಾಡಿ 3.75 ಇಂಚ್ ಸ್ಟ್ರೋಕಿನ ಕ್ರ್ಯಾಂಕ್ ಹಾಕೋದು, ಟಾರ್ಕ್ ಸಖತ್ತಾಗಿ ಸಿಗುತ್ತೆ, ಆದ್ರೆ ಮಷಿನ್ ಶಾಪ್ ಬಿಲ್ ನೋಡಿದ್ಮೇಲೆ ಆ ದುಡ್ಡನ್ನ ಗೇರ್‌ಬಾಕ್ಸಿಗೆ ಹಾಕೋದೇ ವಾಸಿ ಅನ್ಸ್ತು. ಕೊನೆಗೆ ತಗೊಂಡಿದ್ದು ಎಲ್31, ಅಂದ್ರೆ 1996ರಿಂದ ಟ್ರಕ್ಕಲ್ಲಿ ಬಂದ ವೋರ್ಟೆಕ್ ಹೆಡ್ಡಿನ 350. ಟ್ರಕ್ಕಲ್ಲಿ ಅದು 255 ನೆಟ್. ಇದರಲ್ಲಿ ನನಗೆ ಇಷ್ಟ ಆಗಿದ್ದು ಎರಡು ವಿಷಯ. ಒಂದು ರೋಲರ್ ಕ್ಯಾಮ್. ಕ್ಯಾಮ್ ಅಂದ್ರೆ ವಾಲ್ವ್ ತೆರೆಯೋ ದಂಡ, ಅದರ ಉಬ್ಬಿಗೆ ಲೋಬ್ ಅಂತಾರೆ, ಇದರಲ್ಲಿ ಲಿಫ್ಟರ್ ಉಜ್ಜದೆ ಲೋಬ್ ಮೇಲೆ ಉರುಳುತ್ತೆ. ಹಳೇ ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಗೆ ಆಯಿಲ್‌ನಲ್ಲಿ ಜಿಂಕ್ ಬೇಕು, ಈಗಿನ ಆಯಿಲಲ್ಲಿ ಅದು ಕಮ್ಮಿ ಮಾಡಿದಾರೆ, ಹೊಸ ಕ್ಯಾಮ್ ಹಾಕಿದ ಮೊದಲ ಇಪ್ಪತ್ತು ನಿಮಿಷದಲ್ಲೇ ಲೋಬ್ ಸವೆದು ಹೋಗಿರೋ ಇಂಜಿನ್‌ಗಳು ಎಷ್ಟೋ. ರೋಲರ್‌ಗೆ ಆ ತಲೆನೋವಿಲ್ಲ. ಎರಡನೇದು ಆ ಹೆಡ್ಡು, ಸ್ಮಾಲ್ ಬ್ಲಾಕ್‌ಗೆ ಫ್ಯಾಕ್ಟರಿ ಕೊಟ್ಟ ಐರನ್ ಹೆಡ್‌ಗಳಲ್ಲಿ ಇಷ್ಟು ಚೆನ್ನಾಗಿ ಗಾಳಿ ಎಳೆಯೋದು ಕಮ್ಮಿ.

ಹಾಗಂತ ಸುಮ್ನೆ ಕೂರಿಸಿ ಸ್ಟಾರ್ಟ್ ಮಾಡೋ ಹಾಗೂ ಇಲ್ಲ. ಸೈಡ್ ಮೌಂಟು, ಬೆಲ್‌ಹೌಸಿಂಗ್ ಬೋಲ್ಟ್ ಹಳೇದೇ, ಅದು ಸಲೀಸು. ಆದ್ರೆ 1986ರಿಂದ ಹಿಂದಿನ ಮೇನ್ ಸೀಲ್ ಒಂದೇ ಪೀಸು, ಕ್ರ್ಯಾಂಕ್ ಫ್ಲ್ಯಾಂಜಿನ ಬೋಲ್ಟ್ ಸರ್ಕಲ್ ಚಿಕ್ಕದು, ಬ್ಯಾಲೆನ್ಸೂ ಬೇರೆ, ಹಳೇ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಜೋಡಿಸೋ ತಟ್ಟೆ) ಕೂರಲ್ಲ, ಆ ಇಂಜಿನ್‌ಗೇ ಅಂತ ಇರೋದು ತಗೋಬೇಕು. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಎಂಟೇ ಬೋಲ್ಟು, ವೋರ್ಟೆಕ್‌ಗೆ ಅಂತಾನೇ ಮಾಡಿರೋ ಡ್ಯುಯಲ್ ಪ್ಲೇನ್ ಮ್ಯಾನಿಫೋಲ್ಡ್ ಹಾಕ್ದೆ. ತುಂಬಾ ಬ್ಲಾಕ್‌ಗಳಲ್ಲಿ ಮೆಕ್ಯಾನಿಕಲ್ ಫ್ಯುಯೆಲ್ ಪಂಪ್ ಜಾಗ ಕೊರೆದೇ ಇರಲ್ಲ, ನಂದೂ ಹಂಗೇ, ಕಾರ್ಬ್ಯುರೇಟರ್‌ಗೆ ಆರು ಪಿಎಸ್ಐ ಕೊಡೋ ಎಲೆಕ್ಟ್ರಿಕ್ ಪಂಪ್ ಟ್ಯಾಂಕ್ ಹತ್ರ ಕೂರಿಸಿ, ಆಯಿಲ್ ಪ್ರೆಶರ್ ಬಿದ್ರೆ ಪಂಪ್ ನಿಲ್ಲೋ ಹಾಗೆ ಸ್ವಿಚ್ ಕೊಟ್ಟೆ, ಇದೊಂದನ್ನ ಮಾತ್ರ ಯಾರೂ ಬಿಡ್ಬೇಡಿ. ಟ್ರಕ್ಕಿನ ವಾಟರ್ ಪಂಪ್ ಉಲ್ಟಾ ತಿರುಗೋದು, ವಿ ಬೆಲ್ಟ್ ಹಾಕೋದಾದ್ರೆ ಹಳೇ ತರದ ಪಂಪೇ ಬೇಕು. ರೋಲರ್ ಕ್ಯಾಮ್ ಸ್ಟೀಲ್ ಆಗಿರೋದ್ರಿಂದ ಡಿಸ್ಟ್ರಿಬ್ಯೂಟರ್ ಗೇರೂ ಅದಕ್ಕೆ ಹೊಂದೋದೇ ಇರ್ಬೇಕು, ಇಲ್ಲಾಂದ್ರೆ ಗೇರ್ ಪುಡಿ.

ಕ್ಯಾಮ್ ಆರಿಸುವಾಗ ಕೈ ಬಿಗಿ ಹಿಡಿದೆ. ಈ ಹೆಡ್ಡು ಇರೋ ಹಾಗೇ ಬಿಟ್ರೆ 0.470 ಇಂಚಿನ ಆಸುಪಾಸು ಲಿಫ್ಟ್ (ವಾಲ್ವ್ ತೆರೆಯೋ ಎತ್ತರ) ದಾಟಿದ್ರೆ ರಿಟೇನರ್ (ವಾಲ್ವ್ ಸ್ಪ್ರಿಂಗ್ ಹಿಡಿಯೋ ಬಿಲ್ಲೆ) ಹೋಗಿ ವಾಲ್ವ್ ಗೈಡಿಗೆ ಬಡಿಯುತ್ತೆ, ಅದರೊಳಗೇ ಇರೋ ಮೈಲ್ಡ್ ಕ್ಯಾಮು, ಹೊಸ ಸ್ಪ್ರಿಂಗು. ಗುಡುಗುಡು ಅನ್ನೋ ಐಡಲ್ ಬೇಕು ಅನ್ನೋರು ಪವರ್ ಬ್ರೇಕಿಗೆ ವ್ಯಾಕ್ಯೂಮ್ ಎಲ್ಲಿಂದ ಬರುತ್ತೆ ಅಂತ ಮೊದ್ಲು ಕೇಳ್ಕೊಳ್ಳಿ. ಕಾರ್ಬ್ಯುರೇಟರ್ ಲೆಕ್ಕಾನೂ ಸುಲಭ: 350ನ್ನ 5,500 ಆರ್‌ಪಿಎಂಗೆ ಗುಣಿಸಿ 3,456ರಿಂದ ಭಾಗಿಸಿದ್ರೆ ಸುಮಾರು 557 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕು ಅನ್ನೋ ಲೆಕ್ಕ), 600 ಧಾರಾಳ ಸಾಕು, 750 ಹಾಕಿದ್ರೆ ಸಿಗ್ನಲ್‌ನಲ್ಲಿ ಕೆಮ್ಮೋದು ಕೇಳ್ಬೇಕಾಗುತ್ತೆ.

ದುಡ್ಡು ಸಾರ್ಥಕ ಆಗಿದ್ದು ಗೇರ್‌ಬಾಕ್ಸಲ್ಲಿ. 700ಆರ್4 ಅನ್ನೋ ನಾಲ್ಕು ಗೇರಿನ ಆಟೋಮ್ಯಾಟಿಕ್ ಹಾಕಿಸ್ದೆ, ನಾಲ್ಕನೇ ಗೇರ್ 0.70 ಓವರ್‌ಡ್ರೈವ್. ಹಿಂದೆ 3.73 ಆಕ್ಸಲ್ ಇದೆ, ಟೈರ್ 26.5 ಇಂಚು, ಎಪ್ಪತ್ತು ಮೈಲಿ ಸ್ಪೀಡಿಗೆ ಡೈರೆಕ್ಟ್ ಗೇರಲ್ಲಿ 3,300 ಆರ್‌ಪಿಎಂ ಆಗ್ತಿತ್ತು, ಓವರ್‌ಡ್ರೈವಲ್ಲಿ 2,300. ಹೆಂಡತಿ ಜೊತೆ ಕಿರುಚದೇ ಮಾತಾಡೋಕೆ ಆಗೋದು ಈ ಸಾವಿರದ ವ್ಯತ್ಯಾಸದಿಂದ. ಆದ್ರೆ ಇದರ ಟಿವಿ ಕೇಬಲ್ (ಥ್ರಾಟಲ್‌ನಿಂದ ಗೇರ್‌ಬಾಕ್ಸಿಗೆ ಹೋಗೋದು) ಅನ್ನೋದು ಕಾರ್ಬ್ಯುರೇಟರ್‌ಗೆ ಕರೆಕ್ಟಾಗಿ ಹೊಂದ್ಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ಲೂ ಪೂರ್ತಿ ಎಳೆದಿರ್ಬೇಕು, ಸಡಿಲ ಇದ್ರೆ ಒಳಗೆ ಪ್ರೆಶರ್ ಬರ್ದೆ ಕ್ಲಚ್ ಪ್ಯಾಕ್ ಸುಟ್ಟು ಹೋಗುತ್ತೆ, ಅದಕ್ಕೆ ಅಂತಾನೇ ಬ್ರ್ಯಾಕೆಟ್ ಸಿಗುತ್ತೆ, ಜುಗಾಡ್ ಮಾಡೋಕೆ ಹೋಗ್ಬೇಡಿ. ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿದ್ದು ಇಂಜಿನ್ ಬರೋದಕ್ಕೂ ಮುಂಚೆ. ಅಲ್ಯೂಮಿನಿಯಂ ರೇಡಿಯೇಟರ್, ಫ್ಯಾನ್ ಸುತ್ತ ಶ್ರೌಡ್, ವುಡ್‌ವರ್ಡ್‌ನಲ್ಲಿ ಸೂಜಿ ಅಲ್ಲಾಡ್ಲಿಲ್ಲ.

ಹಾಸನದಿಂದ ಅಪ್ಪ ಫೋನಲ್ಲಿ ಕೇಳಿದ್ದು ಒಂದೇ, "ಎಷ್ಟು ಕೊಡ್ತದೋ ಲೀಟರಿಗೆ?" ಹೈವೇಲಿ 16 ಮೈಲಿ ಗ್ಯಾಲನ್‌ಗೆ ಅಂದ್ರೆ ಲೀಟರಿಗೆ ಆರೂಮುಕ್ಕಾಲು ಕಿಲೋಮೀಟರ್ ಅಪ್ಪಾ ಅಂದೆ. "ಅಷ್ಟೇನಾ, ಮಾರಿಬಿಡು ಕಣೋ" ಅಂದ್ರು. ಡೈನೋ (ಪವರ್ ಅಳೆಯೋ ಮಷಿನ್) ಮೇಲೆ ಹತ್ತಿಸಿ ಎಷ್ಟು ಹಾರ್ಸ್‌ಪವರ್ ಅಂತ ನಾನಿನ್ನೂ ನೋಡಿಲ್ಲ, ನೋಡೋ ಯೋಚನೆನೂ ಇಲ್ಲ.

ಹುಡುಕೋರಿಗೆ: 1996ರಿಂದ 2000ದವರೆಗಿನ ಷೆವಿ, ಜಿಎಂಸಿ ಪಿಕಪ್ಪು, ಟಾಹೋ, ಸಬರ್ಬನ್ ನೋಡಿ, ವ್ಯಾನಲ್ಲಿ ಇನ್ನೂ ಒಂದೆರಡು ವರ್ಷ ಜಾಸ್ತಿ ಬಂದಿದೆ. ಈ ಗಾಡಿಗಳಲ್ಲಿ ವಿನ್‌ನ ಎಂಟನೇ ಅಕ್ಷರ ನೋಡ್ಬೇಕು, ಆರ್ ಇದ್ರೆ 5.7, ಎಂ ಇದ್ರೆ 5.0, ಹೊರಗಿಂದ ಎರಡೂ ಒಂದೇ ತರ ಕಾಣೋದ್ರಿಂದ ಯಾರ್ಡಿನೋರ ಬಾಯಿಮಾತು ನಂಬ್ಬೇಡಿ. ಹೆಡ್ಡಿನ ಕಾಸ್ಟಿಂಗ್ ನಂಬರ್ ಕೊನೇಲಿ 906 ಅಥವಾ 062 ಇರ್ಬೇಕು. ಒಂದ್ಸಲ ಓವರ್‌ಹೀಟ್ ಆಗಿದ್ರೆ ಈ ಹೆಡ್‌ಗಳು ವಾಲ್ವ್ ಸೀಟ್‌ಗಳ ಮಧ್ಯೆ ಬಿರುಕು ಬಿಡ್ತವೆ, ಬಿಚ್ಚಿ ಪ್ರೆಶರ್ ಟೆಸ್ಟ್ ಮಾಡಿಸ್ದೆ ಕ್ಯಾಮು ಸ್ಪ್ರಿಂಗು ಅಂತ ಒಂದು ಡಾಲರ್ರೂ ಖರ್ಚು ಮಾಡ್ಬೇಡಿ. ಸ್ಪಾರ್ಕ್ ಟೈಮಿಂಗ್ ಒಟ್ಟು 32ರಿಂದ 34 ಡಿಗ್ರಿ ಸಾಕು, ಹಳೇ ಹೆಡ್‌ಗೆ ಇಡೋ ಹಾಗೆ 36, 38 ಇಡೋದು ಬೇಡ.